ಬ್ಯಾಕಪ್ ಸಂಗ್ರಹಣ ಮಾಧ್ಯಮಗಳು

ಕಂಪ್ಯೂಟರಿನಲ್ಲಿರುವ ದತ್ತಾಂಶದ ಮತ್ತೊಂದು ಪ್ರತಿಯನ್ನು ಮೂಲದಿಂದ ಬೇರೆಯಾಗಿ ತೆಗೆದಿರಿಸುವುದಕ್ಕೆ ಬ್ಯಾಕಪ್ ಎಂದು ಹೆಸರು. ಮೂಲ ಪ್ರತಿ ಅಳಿಸಿಹೋದಾಗ, ಕೆಟ್ಟಾಗ ಅಥವಾ ಕಳವಾದಾಗ ಈ ಪ್ರತಿಯಿಂದ ದತ್ತಾಂಶವನ್ನು ಮರಳಿ ಪಡೆಯಲಾಗುತ್ತದೆ. ಇಂತಹ ಪ್ರತಿಯನ್ನು ಇರಿಸಲು ಬಳಸುವ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಪೆನ್ ಡ್ರೈವ್, ಆಪ್ಟಿಕಲ್ ಡಿಸ್ಕ್, ಕಾಂತೀಯ ಟೇಪ್, ಕ್ಲೌಡ್ ಸಂಗ್ರಹಣೆ ಮೊದಲಾದವುಗಳನ್ನು ಬ್ಯಾಕಪ್ ಸಂಗ್ರಹಣ ಮಾಧ್ಯಮಗಳು ಎನ್ನುತ್ತಾರೆ. ಇವುಗಳಲ್ಲಿ ಯಾವುದೂ ಶಾಶ್ವತವಲ್ಲ. ಪ್ರತಿಯೊಂದೂ ತನ್ನದೇ ಆದ ಕಾರಣದಿಂದ, ತನ್ನದೇ ಆದ ರೀತಿಯಲ್ಲಿ ಕೆಡುತ್ತದೆ. ಆದುದರಿಂದ ಒಂದೇ ಕಾರಣಕ್ಕೆ ಒಟ್ಟಿಗೆ ನಾಶವಾಗದಂತಹ ಎರಡು ಮೂರು ಮಾಧ್ಯಮಗಳನ್ನು ಜೊತೆಗೂಡಿಸಿ ಬಳಸುವುದು ಆಯ್ಕೆಯ ಮೂಲತತ್ತ್ವವಾಗಿದೆ.

ದತ್ತಾಂಶ ನಷ್ಟದ ಕಾರಣಗಳು

ಮಾಧ್ಯಮವನ್ನು ಆಯ್ದುಕೊಳ್ಳುವ ಮೊದಲು ದತ್ತಾಂಶ ಯಾವ ಯಾವ ಕಾರಣಗಳಿಂದ ನಷ್ಟವಾಗುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ. ಮುಖ್ಯವಾಗಿ ಐದು ಬಗೆಯ ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಸಾಧನದ ವೈಫಲ್ಯ. ಹಾರ್ಡ್ ಡಿಸ್ಕಿನ ಮೋಟಾರು ನಿಲ್ಲುವುದು, ಎಸ್‌ಎಸ್‌ಡಿಯ ನಿಯಂತ್ರಕ ಚಿಪ್ ಕೆಡುವುದು ಮುಂತಾದವು ಈ ವರ್ಗಕ್ಕೆ ಸೇರುತ್ತವೆ.

ಎರಡನೆಯದು ಮನುಷ್ಯನ ತಪ್ಪು. 1998ರಲ್ಲಿ ಪಿಕ್ಸಾರ್ ಸಂಸ್ಥೆಯು ‘ಟಾಯ್ ಸ್ಟೋರಿ 2’ ಎಂಬ ಅನಿಮೇಷನ್ ಚಿತ್ರವನ್ನು ನಿರ್ಮಿಸುತ್ತಿದ್ದಾಗ, ತಪ್ಪಾಗಿ ನೀಡಿದ ಒಂದು ಆದೇಶದಿಂದ ಚಿತ್ರದ ಕಡತಗಳ ಬಹುಭಾಗ ಅಳಿಸಿಹೋಯಿತು. ಸಂಸ್ಥೆಯ ಬ್ಯಾಕಪ್ ವ್ಯವಸ್ಥೆಯೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವೆಂದು ಆಗ ತಿಳಿಯಿತು. ಚಿತ್ರತಂಡದ ಗ್ಯಾಲಿನ್ ಸುಸ್‌ಮನ್ ಅವರು ಮಗುವಿನ ಆರೈಕೆಯ ದಿನಗಳಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯಿಂದ ಚಿತ್ರದ ಕಡತಗಳನ್ನು ಮತ್ತೆ ಒಗ್ಗೂಡಿಸಲಾಯಿತು.

ಮೂರನೆಯದು ದುರುದ್ದೇಶದ ತಂತ್ರಾಂಶ. ಕಡತಗಳನ್ನು ಗೂಢಲಿಪಿಗೆ ಬದಲಿಸಿ, ಬಿಡಿಸಿಕೊಡಲು ಹಣ ಕೇಳುವ ತಂತ್ರಾಂಶಗಳಿಗೆ ರಾನ್ಸಮ್‌ವೇರ್ ಎನ್ನುತ್ತಾರೆ. 2017ರ ಮೇ ತಿಂಗಳಿನಲ್ಲಿ ಹರಡಿದ ‘ವಾನಾಕ್ರೈ’ ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯೂ ಸೇರಿದಂತೆ ಹಲವು ದೇಶಗಳ ಸಂಸ್ಥೆಗಳನ್ನು ಬಾಧಿಸಿತು. ಕಂಪ್ಯೂಟರಿಗೆ ಸದಾ ಜೋಡಿಸಿರುವ ಬ್ಯಾಕಪ್ ಡಿಸ್ಕನ್ನೂ ಇಂತಹ ತಂತ್ರಾಂಶ ತಲುಪಬಲ್ಲುದು.

ನಾಲ್ಕನೆಯದು ಬೆಂಕಿ, ನೆರೆ, ಕಳವು ಮುಂತಾದ ಸ್ಥಳೀಯ ಅನಾಹುತ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್‌ಕ್ಲೌಡ್ ಸಂಸ್ಥೆಯ ಒಂದು ದತ್ತಾಂಶ ಕೇಂದ್ರವು ಬೆಂಕಿಗೆ ಆಹುತಿಯಾಯಿತು. ಮೂಲ ಮತ್ತು ಬ್ಯಾಕಪ್ ಎರಡನ್ನೂ ಅದೇ ತಾಣದಲ್ಲಿ ಇರಿಸಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಿಯೋನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಸರ್ಕಾರಿ ನೌಕರರು ಬಳಸುತ್ತಿದ್ದ ‘ಜಿ-ಡ್ರೈವ್’ ಎಂಬ ಸಂಗ್ರಹದ 858 ಟೆರಾಬೈಟ್ ದತ್ತಾಂಶ ನಾಶವಾಯಿತು. ಸಂಗ್ರಹ ಬಹಳ ದೊಡ್ಡದೆಂಬ ಕಾರಣದಿಂದ ಅದಕ್ಕೆ ಹೊರಗಿನ ಬ್ಯಾಕಪ್ ಇರಿಸಿರಲಿಲ್ಲ.

ಐದನೆಯದು ತಂತ್ರಜ್ಞಾನ ಹಳತಾಗುವುದು. ಮಾಧ್ಯಮ ಚೆನ್ನಾಗಿಯೇ ಇದ್ದರೂ ಅದನ್ನು ಓದುವ ಯಂತ್ರವಾಗಲಿ ತಂತ್ರಾಂಶವಾಗಲಿ ಸಿಗದಿದ್ದರೆ ದತ್ತಾಂಶ ಇದ್ದೂ ಇಲ್ಲದಂತಾಗುತ್ತದೆ.

ಇತಿಹಾಸ

1951ರ ಯುನಿವ್ಯಾಕ್ ಕಂಪ್ಯೂಟರ್ ದತ್ತಾಂಶವನ್ನು ಲೋಹದ ಕಾಂತೀಯ ಟೇಪಿನಲ್ಲಿ ಸಂಗ್ರಹಿಸುತ್ತಿತ್ತು. 1956ರಲ್ಲಿ ಐಬಿಎಂ ಸಂಸ್ಥೆಯು ರಾಮ್ಯಾಕ್ ಎಂಬ ವ್ಯವಸ್ಥೆಯೊಡನೆ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಅದರ ಸಾಮರ್ಥ್ಯ 50 ಲಕ್ಷ ಅಕ್ಷರಗಳಷ್ಟಿತ್ತು. 1971ರಲ್ಲಿ 8 ಅಂಗುಲದ ಫ್ಲಾಪಿ ಡಿಸ್ಕ್ ಮಾರುಕಟ್ಟೆಗೆ ಬಂದಿತು. ಮುಂದೆ 3.5 ಅಂಗುಲದ, 1.44 ಮೆಗಾಬೈಟ್ ಸಾಮರ್ಥ್ಯದ ಫ್ಲಾಪಿ ಮನೆ ಮತ್ತು ಕಚೇರಿಗಳ ಸಾಮಾನ್ಯ ಬ್ಯಾಕಪ್ ಮಾಧ್ಯಮವಾಯಿತು. 1990ರ ದಶಕದಲ್ಲಿ ಬರೆಯಬಲ್ಲ ಸಿ.ಡಿ., ಅನಂತರ ಡಿ.ವಿ.ಡಿ.ಗಳು ಅದರ ಸ್ಥಾನವನ್ನು ಪಡೆದವು. ಜಪಾನಿನ ತೊಶಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೊಕಾ ಅವರು 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿಯು 2000ದ ಸುಮಾರಿಗೆ ಪೆನ್ ಡ್ರೈವ್ ರೂಪದಲ್ಲಿ ಜನಬಳಕೆಗೆ ಬಂದಿತು. ಅದೇ ವರ್ಷ ದೊಡ್ಡ ಸಂಸ್ಥೆಗಳಿಗಾಗಿ ಎಲ್‌ಟಿಒ ಎಂಬ ಟೇಪ್ ಮಾನಕದ ಮೊದಲ ಪೀಳಿಗೆ ಬಿಡುಗಡೆಯಾಯಿತು. 2006ರಲ್ಲಿ ಅಮೆಜಾನ್ ಸಂಸ್ಥೆ ಎಸ್3 ಸೇವೆಯನ್ನು ಆರಂಭಿಸಿದ ಬಳಿಕ ಬಾಡಿಗೆಯ ಕ್ಲೌಡ್ ಸಂಗ್ರಹಣೆ ವ್ಯಾಪಕವಾಯಿತು.

ಈ ಇತಿಹಾಸದಿಂದ ಒಂದು ಅಂಶ ಸ್ಪಷ್ಟವಾಗುತ್ತದೆ: ಜನಬಳಕೆಯ ಯಾವ ಮಾಧ್ಯಮವೂ ಎರಡು ಮೂರು ದಶಕಗಳಿಗಿಂತ ಹೆಚ್ಚು ಕಾಲ ಮುಂಚೂಣಿಯಲ್ಲಿ ಉಳಿದಿಲ್ಲ. ಫ್ಲಾಪಿಯಲ್ಲಿ ಉಳಿದುಬಿಟ್ಟ ಕಡತವನ್ನು ಇಂದಿನ ಲ್ಯಾಪ್‌ಟಾಪ್ ನೇರವಾಗಿ ಓದಲಾರದು.

ಆಯ್ಕೆಯ ಮಾನದಂಡಗಳು

ಸಾಮರ್ಥ್ಯ, ವೇಗ, ಬೆಲೆ, ಬಾಳಿಕೆ, ಸಾಗಿಸುವ ಅನುಕೂಲ ಮತ್ತು ಓದುವ ಯಂತ್ರದ ಲಭ್ಯತೆ ಇವು ಮುಖ್ಯ ಮಾನದಂಡಗಳು. ಇವುಗಳಲ್ಲಿ ಸಾಮರ್ಥ್ಯ ಮತ್ತು ವೇಗವನ್ನು ಒಟ್ಟಾಗಿ ಪರಿಗಣಿಸಬೇಕು. ಉದಾಹರಣೆಗೆ, 1 ಟೆರಾಬೈಟ್ ದತ್ತಾಂಶವನ್ನು 4.7 ಗಿಗಾಬೈಟಿನ ಡಿ.ವಿ.ಡಿ.ಗಳಿಗೆ ಬರೆಯಲು 213 ಡಿಸ್ಕುಗಳು ಬೇಕು. 25 ಗಿಗಾಬೈಟಿನ ಬ್ಲೂ-ರೇ ಡಿಸ್ಕುಗಳಾದರೆ 40 ಸಾಕು. ಸೆಕೆಂಡಿಗೆ 100 ಮೆಗಾಬೈಟ್ ವೇಗದ ಬಾಹ್ಯ ಹಾರ್ಡ್ ಡಿಸ್ಕಿಗೆ ಅಷ್ಟೇ ದತ್ತಾಂಶ ಮೂರು ಗಂಟೆಯೊಳಗೆ ನಕಲಾಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ಅಂತರಜಾಲ ಸಂಪರ್ಕದಲ್ಲಿ ಕ್ಲೌಡಿಗೆ ಏರಿಸಲು ಕನಿಷ್ಠ 22 ಗಂಟೆ ತಗಲುತ್ತದೆ. ಸಂಪರ್ಕದ ವೇಗ 10 ಮೆಗಾಬಿಟ್ ಮಾತ್ರವಾದರೆ ಒಂಬತ್ತು ದಿನಗಳಿಗೂ ಹೆಚ್ಚು ಕಾಲ ಬೇಕಾಗುತ್ತದೆ. ಮರಳಿ ಪಡೆಯುವಾಗಲೂ ಇದೇ ಲೆಕ್ಕ ಅನ್ವಯಿಸುತ್ತದೆ. ಆದ್ದರಿಂದ ದತ್ತಾಂಶ ನಷ್ಟವಾದ ಮೇಲೆ ಎಷ್ಟು ಹೊತ್ತಿನಲ್ಲಿ ಕೆಲಸ ಮತ್ತೆ ಆರಂಭವಾಗಬೇಕು ಎಂಬ ಪ್ರಶ್ನೆಯಿಂದಲೇ ಆಯ್ಕೆಯನ್ನು ತೊಡಗುವುದು ಸೂಕ್ತ.

ಮಾಧ್ಯಮಗಳ ವಿಧಗಳು

ಹಾರ್ಡ್ ಡಿಸ್ಕ್

ವೇಗವಾಗಿ ತಿರುಗುವ ತಟ್ಟೆಗಳ ಮೇಲಿನ ಕಾಂತೀಯ ಲೇಪದಲ್ಲಿ ಹಾರ್ಡ್ ಡಿಸ್ಕ್ ದತ್ತಾಂಶವನ್ನು ದಾಖಲಿಸುತ್ತದೆ. ಓದುವ ತಲೆಯು ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರುಗಳ ಅಂತರದಲ್ಲಿ ಚಲಿಸುವುದರಿಂದ, ಡಿಸ್ಕ್ ಓಡುತ್ತಿರುವಾಗ ಕೆಳಗೆ ಬಿದ್ದರೆ ತಲೆ ತಟ್ಟೆಗೆ ತಾಗಿ ದತ್ತಾಂಶ ನಾಶವಾಗಬಹುದು. ಟೇಪಿನಂತೆ ಓದಲು ದುಬಾರಿ ಯಂತ್ರ ಬೇಡವಾದ್ದರಿಂದಲೂ, ಪ್ರತಿ ಟೆರಾಬೈಟಿನ ಬೆಲೆ ಎಸ್‌ಎಸ್‌ಡಿಗಿಂತ ಕಡಿಮೆಯಿರುವುದರಿಂದಲೂ ಮನೆ ಮತ್ತು ಸಣ್ಣ ಕಚೇರಿಗಳಿಗೆ ಬಾಹ್ಯ ಹಾರ್ಡ್ ಡಿಸ್ಕ್ ಅನುಕೂಲಕರವಾಗಿದೆ. ಇದು ಯಂತ್ರವಾದ್ದರಿಂದ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಸುರಕ್ಷಿತವೆನ್ನಲಾಗದು. ಆಗಾಗ ಚಾಲನೆ ಮಾಡಿ ಪರೀಕ್ಷಿಸುವುದೂ, ಕೆಲವು ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ ಬದಲಿಸುವುದೂ ಅಗತ್ಯ. ‘ಸ್ಮಾರ್ಟ್’ ಎಂಬ ಅಂತರ್ಗತ ವ್ಯವಸ್ಥೆಯು ಕೆಲವೊಮ್ಮೆ ವೈಫಲ್ಯದ ಮುನ್ಸೂಚನೆ ನೀಡುತ್ತದೆ. ಮುನ್ಸೂಚನೆಯಿಲ್ಲದೆ ಕೆಡುವ ಡಿಸ್ಕುಗಳೂ ಉಂಟು.

ಎಸ್‌ಎಸ್‌ಡಿ, ಪೆನ್ ಡ್ರೈವ್ ಮತ್ತು ಮೆಮೊರಿ ಕಾರ್ಡ್

ಇವು ಫ್ಲ್ಯಾಶ್ ಮೆಮೊರಿಯನ್ನು ಬಳಸುತ್ತವೆ. ಸೂಕ್ಷ್ಮ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶವೇ ಇಲ್ಲಿ ದತ್ತಾಂಶ. ಚಲಿಸುವ ಭಾಗಗಳಿಲ್ಲದ ಕಾರಣ ಬಿದ್ದರೂ ಸುಲಭವಾಗಿ ಕೆಡುವುದಿಲ್ಲ, ವೇಗವೂ ಹೆಚ್ಚು. ಆದರೆ ವಿದ್ಯುತ್ತಿಲ್ಲದೆ ದೀರ್ಘಕಾಲ ಇರಿಸಿದಾಗ ಆವೇಶ ನಿಧಾನವಾಗಿ ಸೋರಿಹೋಗುತ್ತದೆ. ಜೆಡೆಕ್ ಮಾನಕದ ಪ್ರಕಾರ, ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಯು ತನ್ನ ನಿಗದಿತ ಬರವಣಿಗೆಯ ಮಿತಿಯನ್ನು ಪೂರೈಸಿದ ಬಳಿಕವೂ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ವಿದ್ಯುತ್ತಿಲ್ಲದೆ ಒಂದು ವರ್ಷ ದತ್ತಾಂಶವನ್ನು ಉಳಿಸಿಕೊಳ್ಳಬೇಕು. ಹೊಸ ಸಾಧನ ಇದಕ್ಕಿಂತ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಉಷ್ಣತೆ ಏರಿದಂತೆ ಈ ಅವಧಿ ಕಡಿಮೆಯಾಗುವುದರಿಂದ, ಕಪಾಟಿನಲ್ಲಿ ದಶಕಗಳ ಕಾಲ ಇರಿಸುವ ಪ್ರತಿಗೆ ಫ್ಲ್ಯಾಶ್ ಮಾಧ್ಯಮ ತಕ್ಕುದಲ್ಲ.

ಪೆನ್ ಡ್ರೈವನ್ನು ಕಡತಗಳ ಸಾಗಣೆಗೆ ಬಳಸುವುದು ಸರಿ. ಏಕೈಕ ಬ್ಯಾಕಪ್ ಆಗಿ ನೆಚ್ಚುವುದು ಸರಿಯಲ್ಲ. ಗಾತ್ರ ಚಿಕ್ಕದಾದ್ದರಿಂದ ಸುಲಭವಾಗಿ ಕಳೆದುಹೋಗುತ್ತದೆ. ಹೊರಗೆ ಹೆಚ್ಚು ಸಾಮರ್ಥ್ಯವನ್ನು ಮುದ್ರಿಸಿ, ಒಳಗೆ ಕಡಿಮೆ ಸಾಮರ್ಥ್ಯದ ಚಿಪ್ ಅಳವಡಿಸಿದ ನಕಲಿ ಪೆನ್ ಡ್ರೈವುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಇವು ಬರೆಯುವಾಗ ಯಾವ ದೋಷವನ್ನೂ ತೋರಿಸದೆ, ಓದುವಾಗ ಮಾತ್ರ ಕೈಕೊಡುತ್ತವೆ. ಫ್ಯಾಟ್32 ವಿನ್ಯಾಸದ ಪೆನ್ ಡ್ರೈವಿನಲ್ಲಿ 4 ಗಿಗಾಬೈಟಿಗಿಂತ ದೊಡ್ಡ ಕಡತವನ್ನು ಇರಿಸಲಾಗದು. ಎಕ್ಸ್‌ಫ್ಯಾಟ್ ವಿನ್ಯಾಸದಲ್ಲಿ ಈ ಮಿತಿಯಿಲ್ಲ.

ಆಪ್ಟಿಕಲ್ ಡಿಸ್ಕ್

ಸಿ.ಡಿ., ಡಿ.ವಿ.ಡಿ. ಮತ್ತು ಬ್ಲೂ-ರೇ ಡಿಸ್ಕುಗಳಿಗೆ ದತ್ತಾಂಶವನ್ನು ಲೇಸರ್ ಕಿರಣದಿಂದ ಬರೆಯುತ್ತಾರೆ. ಒಮ್ಮೆ ಮಾತ್ರ ಬರೆಯಬಲ್ಲ ಡಿಸ್ಕಿನಲ್ಲಿರುವುದನ್ನು ರಾನ್ಸಮ್‌ವೇರ್ ಆಗಲಿ ಅಚಾತುರ್ಯವಾಗಲಿ ಬದಲಿಸಲಾರದು ಎಂಬುದು ಇವುಗಳ ವಿಶೇಷ ಗುಣ. ಕಾಂತಕ್ಷೇತ್ರವೂ ಇವುಗಳನ್ನು ಬಾಧಿಸದು. ಆದರೆ ಬರೆಯಬಲ್ಲ ಸಿ.ಡಿ. ಮತ್ತು ಡಿ.ವಿ.ಡಿ.ಗಳಲ್ಲಿ ದತ್ತಾಂಶವನ್ನು ಹಿಡಿದಿಡುವುದು ಒಂದು ಬಣ್ಣದ ಪದರ. ಬಿಸಿಲು, ಶಾಖ ಮತ್ತು ತೇವದಿಂದ ಆ ಪದರ ಮಾಸುತ್ತದೆ. ಥ್ಯಾಲೊಸಯನಿನ್ ಬಣ್ಣ ಬಳಸಿದ ಸಿ.ಡಿ.ಗಳು ಸಯನಿನ್ ಬಳಸಿದವುಗಳಿಗಿಂತ ಹೆಚ್ಚು ಸ್ಥಿರವಾಗಿವೆ. ಎಂ-ಡಿಸ್ಕ್ ಎಂಬ ಬಗೆಯಲ್ಲಿ ಬಣ್ಣದ ಬದಲು ನಿರವಯವ ಪದರವನ್ನು ಬಳಸಿ ಬಾಳಿಕೆಯನ್ನು ಹೆಚ್ಚಿಸಲು ಯತ್ನಿಸಲಾಗಿದೆ. ಸಿ.ಡಿ.ಯಲ್ಲಿ ದತ್ತಾಂಶದ ಪದರವು ಹೆಸರು ಬರೆಯುವ ಮೇಲ್ಭಾಗಕ್ಕೆ ಅತಿ ಸಮೀಪದಲ್ಲಿರುವುದರಿಂದ ಆ ಬದಿಯ ಗೀರುಗಳೇ ಹೆಚ್ಚು ಅಪಾಯಕಾರಿ. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಓದುವ ಭಾಗವೇ ಇಲ್ಲದಿರುವುದು ಈ ಮಾಧ್ಯಮದ ದೊಡ್ಡ ಅನನುಕೂಲ.

ಕಾಂತೀಯ ಟೇಪ್

ಟೇಪನ್ನು ಹಳೆಯ ಕಾಲದ ಮಾಧ್ಯಮವೆಂದು ಹಲವರು ಭಾವಿಸುತ್ತಾರಾದರೂ ದೊಡ್ಡ ಸಂಸ್ಥೆಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಎಲ್‌ಟಿಒ ಮೊದಲ ಪೀಳಿಗೆಯ ಟೇಪಿನ ಸಾಮರ್ಥ್ಯ 100 ಗಿಗಾಬೈಟ್ ಇದ್ದರೆ, 2021ರಲ್ಲಿ ಬಂದ ಒಂಬತ್ತನೆಯ ಪೀಳಿಗೆಯದು 18 ಟೆರಾಬೈಟ್. ಸೆಕೆಂಡಿಗೆ 400 ಮೆಗಾಬೈಟ್ ವೇಗದಲ್ಲಿ ಬರೆದರೆ ಇಂತಹ ಒಂದು ಟೇಪ್ ತುಂಬಲು ಹನ್ನೆರಡೂವರೆ ಗಂಟೆ ಬೇಕು. ಬರೆದು ಹೊರತೆಗೆದ ಟೇಪಿಗೆ ವಿದ್ಯುತ್ತು ಬೇಡ, ಜಾಲದ ಸಂಪರ್ಕವೂ ಇರದು. ಹಾಗಾಗಿ ರಾನ್ಸಮ್‌ವೇರ್ ಅದನ್ನು ತಲುಪಲಾರದು. ತಯಾರಕರು 30 ವರ್ಷಗಳವರೆಗಿನ ಬಾಳಿಕೆಯನ್ನು ಹೇಳುತ್ತಾರೆ. ಇದು ತಂಪಾದ, ತೇವಾಂಶ ಕಡಿಮೆಯಿರುವ ಕೋಣೆಯಲ್ಲಿ ಇರಿಸಿದಾಗಿನ ಮಾತು. ಮಳೆಗಾಲದ ಕರಾವಳಿ ಮತ್ತು ಮಲೆನಾಡಿನಲ್ಲಿ ತೇವ ನಿಯಂತ್ರಣವಿಲ್ಲದ ಕೋಣೆಯಲ್ಲಿಟ್ಟ ಟೇಪಿಗೂ ಡಿಸ್ಕಿಗೂ ಬೂಷ್ಟು ಹಿಡಿಯುವ ಸಂಭವವಿದೆ.

ಟೇಪಿನ ಬೆಲೆ ಕಡಿಮೆ, ಓದುವ ಯಂತ್ರದ ಬೆಲೆ ಬಹಳ ಹೆಚ್ಚು. ಇದರಿಂದಾಗಿ ಮನೆಬಳಕೆಗೆ ಅದು ಒಗ್ಗುವುದಿಲ್ಲ. ಯಂತ್ರಗಳು ಹಳೆಯ ಎಲ್ಲ ಪೀಳಿಗೆಗಳ ಟೇಪುಗಳನ್ನು ಓದುವುದೂ ಇಲ್ಲ. ಎಲ್‌ಟಿಒ-9 ಯಂತ್ರವು ಅದರ ಹಿಂದಿನ ಎಂಟನೆಯ ಪೀಳಿಗೆಯವರೆಗೆ ಮಾತ್ರ ಓದುತ್ತದೆ.

ಕ್ಲೌಡ್ ಸಂಗ್ರಹಣೆ

ಅಂತರಜಾಲದ ಮೂಲಕ ಬೇರೆ ಸಂಸ್ಥೆಯ ದತ್ತಾಂಶ ಕೇಂದ್ರದಲ್ಲಿ ಪ್ರತಿಯನ್ನು ಇರಿಸುವುದು ಕ್ಲೌಡ್ ಸಂಗ್ರಹಣೆ. ಮನೆ ಅಥವಾ ಕಚೇರಿಯ ಅನಾಹುತದಿಂದ ಪ್ರತಿ ದೂರವಿರುವುದು ಇದರ ಮುಖ್ಯ ಪ್ರಯೋಜನ. ಕ್ಲೌಡಿನ ಹಿಂದೆಯೂ ಇರುವುದು ಮೇಲೆ ಹೇಳಿದ ಮಾಧ್ಯಮಗಳೇ. 2011ರ ಫೆಬ್ರವರಿಯಲ್ಲಿ ತಂತ್ರಾಂಶ ದೋಷವೊಂದರಿಂದ ಕೆಲವು ಜಿಮೇಲ್ ಬಳಕೆದಾರರ ಅಂಚೆಗಳು ಕಾಣೆಯಾದಾಗ, ಗೂಗಲ್ ಅವುಗಳನ್ನು ಟೇಪುಗಳಿಂದ ಮರಳಿ ತಂದಿತು. ಹಲವು ಕೇಂದ್ರಗಳಲ್ಲಿದ್ದ ಪ್ರತಿಗಳನ್ನೂ ದೋಷ ಬಾಧಿಸಿತ್ತು. ಜಾಲದಿಂದ ಹೊರಗಿದ್ದ ಟೇಪುಗಳನ್ನು ಅದು ಮುಟ್ಟಿರಲಿಲ್ಲ.

ಚಂದಾ ನಿಂತರೆ, ಗುಪ್ತಪದ ಮರೆತರೆ ಅಥವಾ ಖಾತೆ ಸ್ಥಗಿತಗೊಂಡರೆ ಪ್ರತಿ ಕೈತಪ್ಪುತ್ತದೆ. ಖಾತೆದಾರರು ತೀರಿಕೊಂಡ ಬಳಿಕ ಕುಟುಂಬದವರಿಗೆ ಆ ಚಿತ್ರಗಳೂ ಪತ್ರಗಳೂ ಸಿಗದೆ ಹೋಗಬಹುದು.

ಬ್ಯಾಕಪ್ ಎಂದು ತಪ್ಪಾಗಿ ತಿಳಿಯಲಾಗುವ ವ್ಯವಸ್ಥೆಗಳು

ರೇಡ್ ಎಂಬುದು ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ವಿಧಾನ. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಇದನ್ನು ಪ್ರಬಂಧವೊಂದರಲ್ಲಿ ವಿವರಿಸಿದರು. ಇದರ ಹೆಚ್ಚಿನ ಬಗೆಗಳಲ್ಲಿ ಒಂದು ಡಿಸ್ಕ್ ಕೆಟ್ಟರೂ ಕೆಲಸ ಮುಂದುವರಿಯುತ್ತದೆ. ಆದರೆ ಅಳಿಸಿದ ಕಡತ ಎಲ್ಲ ಡಿಸ್ಕುಗಳಿಂದಲೂ ಅದೇ ಕ್ಷಣದಲ್ಲಿ ಅಳಿಸಿಹೋಗುವುದರಿಂದ ರೇಡ್ ಬ್ಯಾಕಪ್ ಎನಿಸಿಕೊಳ್ಳುವುದಿಲ್ಲ.

ಫೋನ್ ಮತ್ತು ಕಂಪ್ಯೂಟರಿನ ಕಡತಗಳನ್ನು ಕ್ಲೌಡಿನೊಂದಿಗೆ ಸದಾ ಸರಿಹೊಂದಿಸುವ ಸೇವೆಗಳಿಗೂ ಇದೇ ಮಿತಿಯಿದೆ. ಒಂದೆಡೆ ಅಳಿಸಿದ್ದು ಇನ್ನೊಂದೆಡೆಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಅಳಿಸಿದ ಕಡತ 30 ದಿನ ಮಾತ್ರ ಉಳಿಯುತ್ತದೆ. ತಪ್ಪು ಅದಕ್ಕಿಂತ ತಡವಾಗಿ ಗಮನಕ್ಕೆ ಬಂದರೆ ಕಡತ ದೊರೆಯುವುದಿಲ್ಲ.

3-2-1 ನಿಯಮ

ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರು ಡಿಜಿಟಲ್ ಚಿತ್ರಗಳ ನಿರ್ವಹಣೆಯ ಕುರಿತ ತಮ್ಮ ಪುಸ್ತಕದ ಮೂಲಕ ಪ್ರಚಾರಕ್ಕೆ ತಂದ ಸೂತ್ರವಿದು. ಇದರಂತೆ ದತ್ತಾಂಶದ 3 ಪ್ರತಿಗಳಿರಬೇಕು. ಅವು 2 ಭಿನ್ನ ಬಗೆಯ ಮಾಧ್ಯಮಗಳಲ್ಲಿರಬೇಕು. 1 ಪ್ರತಿ ಬೇರೆ ಸ್ಥಳದಲ್ಲಿರಬೇಕು. ಮೂಲ ಪ್ರತಿಯೂ ಮೂರರಲ್ಲಿ ಒಂದೆಂದು ಎಣಿಕೆಯಾಗುತ್ತದೆ. ಒಂದೇ ಸಂಸ್ಥೆಯ, ಒಂದೇ ಸಲ ಕೊಂಡ ಎರಡು ಡಿಸ್ಕುಗಳು ಒಂದೇ ತಯಾರಿಕಾ ದೋಷದಿಂದ ಸುಮಾರು ಒಂದೇ ಕಾಲದಲ್ಲಿ ಕೆಡಬಹುದು. ಎರಡು ಭಿನ್ನ ಮಾಧ್ಯಮಗಳಿರಬೇಕೆಂಬ ನಿಯಮ ಇದರಿಂದ ರಕ್ಷಿಸುತ್ತದೆ. ರಾನ್ಸಮ್‌ವೇರ್ ಹಾವಳಿ ಹೆಚ್ಚಿದ ಮೇಲೆ, ಒಂದು ಪ್ರತಿಯಾದರೂ ಕಂಪ್ಯೂಟರಿನಿಂದಲೂ ಜಾಲದಿಂದಲೂ ಬಿಡಿಸಿಟ್ಟಿರಬೇಕೆಂಬ ಸಲಹೆ ಇದಕ್ಕೆ ಸೇರಿಕೊಂಡಿದೆ.

ಓದಲಾಗದ ಪ್ರತಿ

1986ರಲ್ಲಿ ಬ್ರಿಟನ್ನಿನ ಬಿಬಿಸಿ ಸಂಸ್ಥೆಯು, 1086ರ ‘ಡೂಮ್ಸ್‌ಡೇ’ ಭೂದಾಖಲೆಯ 900ನೆಯ ವರ್ಷದ ನೆನಪಿಗಾಗಿ, ದೇಶದ ಜನಜೀವನದ ಡಿಜಿಟಲ್ ದಾಖಲೆಯೊಂದನ್ನು ಸಿದ್ಧಪಡಿಸಿತು. ಶಾಲಾಮಕ್ಕಳೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಇದಕ್ಕೆ ಬರಹ, ಚಿತ್ರಗಳನ್ನು ಒದಗಿಸಿದರು. ದತ್ತಾಂಶವನ್ನು ವಿಶೇಷ ಬಗೆಯ ಲೇಸರ್ ಡಿಸ್ಕುಗಳಲ್ಲಿ ಇರಿಸಲಾಯಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದಬಲ್ಲ ಯಂತ್ರಗಳು ಅಪರೂಪವಾದವು. ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ಜಂಟಿ ಯೋಜನೆಯು ಹಳೆಯ ಯಂತ್ರವನ್ನು ತಂತ್ರಾಂಶದಲ್ಲಿ ಅನುಕರಿಸಿ 2002ರಲ್ಲಿ ದಾಖಲೆಯನ್ನು ಮತ್ತೆ ಓದುವಂತೆ ಮಾಡಿತು. ಚರ್ಮದ ಹಾಳೆಗಳ ಮೇಲೆ ಬರೆದ ಮೂಲ ದಾಖಲೆಯನ್ನು ಇಂದಿಗೂ ಓದಬಹುದು.

ಕನ್ನಡದ ಕಡತಗಳಿಗೂ ಇಂತಹ ತೊಂದರೆ ಇದೆ. ಯುನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಪುಸ್ತಕ, ಪತ್ರಿಕೆ ಹಾಗೂ ಕಚೇರಿಯ ಬರಹಗಳನ್ನು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಪ್ರತ್ಯೇಕ ಸಂಕೇತಗಳಲ್ಲಿ ಬೆರಳಚ್ಚು ಮಾಡಲಾಗುತ್ತಿತ್ತು. ತಕ್ಕ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಂತಹ ಕಡತ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಡಿಸ್ಕ್ ಕೆಡದಿದ್ದರೂ ಬರಹ ಕೈಗೆಟುಕುವುದಿಲ್ಲ. ಪರಿವರ್ತಕ ತಂತ್ರಾಂಶಗಳು ಲಭ್ಯವಿರುವಾಗಲೇ ಇಂತಹ ಕಡತಗಳನ್ನು ಯುನಿಕೋಡಿಗೆ ಬದಲಿಸಿ, ಮೂಲ ಕಡತ ಮತ್ತು ಅಕ್ಷರಶೈಲಿಗಳ ಜೊತೆಯಲ್ಲಿ ಬ್ಯಾಕಪ್ ಮಾಡುವುದು ಒಳಿತು.

ಪರೀಕ್ಷೆ ಮತ್ತು ವರ್ಗಾವಣೆ

ಮರಳಿ ಪಡೆದು ನೋಡದ ಬ್ಯಾಕಪ್ ನಂಬಲರ್ಹವಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಿರ್ವಾಹಕರೊಬ್ಬರು ಮುಖ್ಯ ದತ್ತಸಂಚಯವನ್ನು ತಪ್ಪಿ ಅಳಿಸಿದರು. ಸಂಸ್ಥೆಯಲ್ಲಿ ಹಲವು ಬಗೆಯ ಬ್ಯಾಕಪ್‌ಗಳ ಏರ್ಪಾಡಿದ್ದರೂ ಅವು ಸರಿಯಾಗಿ ನಡೆಯುತ್ತಿರಲಿಲ್ಲವೆಂಬುದು ಆಗ ಬೆಳಕಿಗೆ ಬಂದಿತು. ಆಕಸ್ಮಿಕವಾಗಿ ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ನೆರವಿಗೆ ಬಂದಿತು. ನಡುವಿನ ದತ್ತಾಂಶ ಹೋಯಿತು.

ಆಗಾಗ ಕೆಲವು ಕಡತಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ಮರಳಿ ತೆರೆದು ನೋಡುವುದು ಸರಳವಾದ ಪರೀಕ್ಷೆ. ಹೆಚ್ಚು ಕಡತಗಳಿದ್ದಾಗ ಪ್ರತಿ ಕಡತಕ್ಕೂ ಎಸ್‌ಎಚ್‌ಎ-256ರಂತಹ ಪರಿಶೀಲನಾ ಸಂಖ್ಯೆಯನ್ನು ಲೆಕ್ಕಹಾಕಿ ದಾಖಲಿಸುತ್ತಾರೆ. ಮುಂದೆ ಮತ್ತೆ ಲೆಕ್ಕಹಾಕಿದಾಗ ಸಂಖ್ಯೆ ಬೇರೆಯಾದರೆ ಕಡತ ಬದಲಾಗಿದೆ ಎಂದರ್ಥ. ಮಾಧ್ಯಮ ಸಾಯುವ ಮೊದಲೇ ದತ್ತಾಂಶವನ್ನು ಹೊಸ ಮಾಧ್ಯಮಕ್ಕೆ ಸಾಗಿಸುವುದಕ್ಕೆ ವರ್ಗಾವಣೆ ಎನ್ನುತ್ತಾರೆ. ದೀರ್ಘಕಾಲದ ಸಂರಕ್ಷಣೆಯು ಮಾಧ್ಯಮದ ಬಾಳಿಕೆಗಿಂತ ಈ ವರ್ಗಾವಣೆಯನ್ನೇ ಹೆಚ್ಚು ಅವಲಂಬಿಸಿದೆ.

ಗೌಪ್ಯತೆ

ಬ್ಯಾಕಪ್ ಪ್ರತಿ ಕಳವಾದರೆ ಅದರಲ್ಲಿರುವ ಖಾಸಗಿ ಮಾಹಿತಿಯೂ ಪರರ ಪಾಲಾಗುತ್ತದೆ. ಆದುದರಿಂದ ಹೊರಗಿಡುವ ಪ್ರತಿಯನ್ನು ಗೂಢಲಿಪೀಕರಿಸುವುದು ರೂಢಿ. ಗೂಢಲಿಪಿಯ ಕೀಲಿ ಕಳೆದರೆ ಸ್ವತಃ ಮಾಲೀಕರಿಗೂ ದತ್ತಾಂಶ ಸಿಗದು. ಕೀಲಿಯನ್ನು ಕಾಗದದ ಮೇಲೆ ಬರೆದು, ಬ್ಯಾಕಪ್‌ನಿಂದ ಬೇರೆಯಾಗಿ, ಮನೆಯ ನಂಬಿಕಸ್ಥರಿಗೆ ತಿಳಿದಿರುವ ಜಾಗದಲ್ಲಿ ಇರಿಸುವುದು ಸುರಕ್ಷಿತ.

ಬಳಕೆಗೆ ತಕ್ಕ ಆಯ್ಕೆ

ಮನೆಯ ಚಿತ್ರಗಳು, ದಾಖಲೆಗಳು: ಕಂಪ್ಯೂಟರಿನಲ್ಲಿರುವ ಮೂಲದ ಜೊತೆಗೆ ಒಂದು ಬಾಹ್ಯ ಹಾರ್ಡ್ ಡಿಸ್ಕ್ ಮತ್ತು ಒಂದು ಕ್ಲೌಡ್ ಪ್ರತಿ ಸಾಕಾಗುತ್ತದೆ. ಅಂತರಜಾಲ ನಿಧಾನವಾಗಿರುವ ಊರುಗಳಲ್ಲಿ ಕ್ಲೌಡಿನ ಬದಲು ಎರಡನೆಯ ಡಿಸ್ಕನ್ನು ಬಂಧುಗಳ ಮನೆಯಲ್ಲಿರಿಸಿ, ಹೋಗಿಬರುವಾಗ ಅದಲು ಬದಲು ಮಾಡಿಕೊಳ್ಳಬಹುದು. ಬ್ಯಾಕಪ್ ಮುಗಿದ ಕೂಡಲೇ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸುವುದು ಮುಖ್ಯ.

ಅಂಗಡಿ, ಮುದ್ರಣಾಲಯ, ಸಣ್ಣ ಕಚೇರಿ: ಪ್ರತಿದಿನ ಬದಲಾಗುವ ಲೆಕ್ಕಪತ್ರಗಳಿಗೆ ಎರಡು ಅಥವಾ ಮೂರು ಡಿಸ್ಕುಗಳನ್ನು ಸರದಿಯಲ್ಲಿ ಬಳಸುವುದು ಸೂಕ್ತ. ಇಂದು ತಿಳಿಯದೆ ಕೆಟ್ಟ ಕಡತದ ಹಿಂದಿನ ವಾರದ ಪ್ರತಿ ಇದರಿಂದ ದೊರೆಯುತ್ತದೆ. ಬರೆಯುತ್ತಿರುವಾಗ ವಿದ್ಯುತ್ ಹೋಗದಂತೆ ಯುಪಿಎಸ್ ಬಳಸಬೇಕು.

ಗ್ರಂಥಾಲಯ, ದಾಖಲೆ ಸಂಗ್ರಹಾಲಯ: ದೊಡ್ಡ ಪ್ರಮಾಣದ, ಅಪರೂಪಕ್ಕೆ ಬದಲಾಗುವ ದತ್ತಾಂಶಕ್ಕೆ ಟೇಪ್ ಅನುಕೂಲಕರ. ಪರಿಶೀಲನಾ ಸಂಖ್ಯೆಗಳ ಪಟ್ಟಿ, ಕಡತಗಳ ವಿನ್ಯಾಸದ ವಿವರ ಮತ್ತು ಮುಂದಿನ ವರ್ಗಾವಣೆಯ ವರ್ಷವನ್ನು ದಾಖಲಿಸಿಡಬೇಕು.

ಪ್ರತಿಯೊಂದು ಮಾಧ್ಯಮದ ಮೇಲೆ ಒಳಗಿರುವ ವಿಷಯ, ಬರೆದ ದಿನಾಂಕ ಹಾಗೂ ಕೊನೆಯ ಪರೀಕ್ಷೆಯ ದಿನಾಂಕವನ್ನು ಬರೆದಂಟಿಸುವುದು ಉಪಯುಕ್ತ. ಬ್ಯಾಕಪ್ ಮಾಡಿದವರು ಇಲ್ಲದಿರುವಾಗಲೂ ಬೇರೊಬ್ಬರು ಸರಿಯಾದ ಪ್ರತಿಯನ್ನು ಗುರುತಿಸಿ ದತ್ತಾಂಶವನ್ನು ಮರಳಿ ಪಡೆಯಲು ಇದು ನೆರವಾಗುತ್ತದೆ. ಪ್ರತಿವರ್ಷ ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನವೆಂದು ಆಚರಿಸಲಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಹಳೆಯ ಪ್ರತಿಗಳನ್ನು ತೆರೆದು ಪರೀಕ್ಷಿಸಲು ಈ ದಿನವನ್ನು ಗುರುತಿಟ್ಟುಕೊಳ್ಳಬಹುದು.